ಒಂಬತ್ತು ಹಲ್ಲಿನ ಲೆಕ್ಕ

ಹೈಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ಜಾರ್ಜ್ ವಾಷಿಂಗ್ಟನ್ನನ ಚಿತ್ರವಿತ್ತು. ತುಟಿ ಬಿಗಿದುಕೊಂಡ ಮುಖ. 'ನೋಡ್ರೋ, ಎಂಥಾ ಗಾಂಭೀರ್ಯ!' ಅಂದಿದ್ದರು ಮೇಷ್ಟ್ರು. ನಾವೂ ತುಟಿ ಬಿಗಿದು ಕೂತಿದ್ದೆವು. ಆ ಗಾಂಭೀರ್ಯದ ಹಿಂದೆ ಇದ್ದದ್ದು ಕಟ್ಟಿಸಿದ ಹಲ್ಲು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷನಾಗುವ ಹೊತ್ತಿಗೆ ವಾಷಿಂಗ್ಟನ್ನನ ಬಾಯಲ್ಲಿ ಅವನದೇ ಅನ್ನುವ ಹಲ್ಲು ಒಂದೇ ಒಂದು ಉಳಿದಿತ್ತು. ಜಾನ್ ಗ್ರೀನ್‌ವುಡ್ ಎಂಬ ದಂತವೈದ್ಯ ನೀರಾನೆಯ ದಂತ ಕೆತ್ತಿ, ಅದಕ್ಕೆ ಮನುಷ್ಯರ ಹಲ್ಲು ಕೂರಿಸಿ, ಆ ಒಂಟಿ ಹಲ್ಲಿಗೆ ತೂತು ಬಿಟ್ಟು ಸೆಟ್ಟು ಮಾಡಿಕೊಟ್ಟ. ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಸ್ಪ್ರಿಂಗಿನಿಂದ ಜೋಡಿಸುತ್ತಿದ್ದ ಕಾಲ ಅದು. ಸ್ಪ್ರಿಂಗು ಬಾಯಿ ಬಿಚ್ಚಿಸಲು ತಳ್ಳುತ್ತಿತ್ತು. ತೊಟ್ಟವನು ದವಡೆ ಅದುಮಿ ಹಿಡಿಯಬೇಕಿತ್ತು. ಅವನದು ಮರದ ಹಲ್ಲು ಅನ್ನುವುದು ಕಟ್ಟುಕಥೆ. ಮರದ್ದಾಗಿದ್ದರೆ ಚೆನ್ನಾಗಿತ್ತು.

ಮನುಷ್ಯರ ಹಲ್ಲು ಸರಿ, ಯಾವ ಮನುಷ್ಯರದು?

ವಾಷಿಂಗ್ಟನ್ನನ ಮೌಂಟ್ ವರ್ನನ್ ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದವನು ಅವನ ದಾಯಾದಿ ಲುಂಡ್ ವಾಷಿಂಗ್ಟನ್. 1784ರ ಮೇ ತಿಂಗಳಲ್ಲಿ ಅವನು ಬರೆದ ಒಂದು ಸಾಲು ಇದು: ದಂತವೈದ್ಯನ ಬಾಬ್ತು, 9 ಹಲ್ಲಿಗೆ ನೀಗ್ರೋಗಳಿಗೆ ಕೊಟ್ಟದ್ದು 6 ಪೌಂಡು 2 ಶಿಲಿಂಗು. ಆ ವೈದ್ಯ ಫ್ರಾನ್ಸಿನ ಲ ಮೇಯರ್. ಮುಂದಿನ ಹಲ್ಲು ಮಾರುವವರಿಗೆ ಒಂದಕ್ಕೆ 2 ಗಿನಿ ಕೊಡುತ್ತೇನೆ ಅಂತ ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿದವನೂ ಇವನೇ. ಗುಲಾಮರಿಗೆ ಮಾತ್ರ ಈ ದರ ಇಲ್ಲ ಅಂತ ಅದರಲ್ಲೇ ಬರೆಸಿದ್ದ. ಲೆಕ್ಕ ಹಾಕಿ ನೋಡಿ: ಎಸ್ಟೇಟಿನಲ್ಲಿ ಒಂದು ಹಲ್ಲಿಗೆ ಸಿಕ್ಕಿದ್ದು ಆ ದರದ ಮೂರನೇ ಒಂದು ಪಾಲೂ ಅಲ್ಲ.

ದುಡ್ಡು ಕೊಟ್ಟಿದ್ದಾರಲ್ಲ ಅನ್ನುವವರಿದ್ದಾರೆ. ಮೈಯೇ ಒಡೆಯನ ಆಸ್ತಿಯಾಗಿರುವಾಗ 'ಕೊಡಲ್ಲ' ಅನ್ನಲು ಬಾಯಿ ಎಲ್ಲಿಂದ ಬರಬೇಕು? ನೋವು ಕಾಣದ ಹಾಗೆ ಹಲ್ಲು ಕೀಳಲು ಈಥರ್ ಬಂದದ್ದು 1846ರ ಸುಮಾರಿಗೆ. ಅಲ್ಲಿಯವರೆಗೆ ಇಕ್ಕಳ ಒಂದೇ.

ಯೂರೋಪಿನ ಕಥೆಯೂ ಬೇರೆಯಲ್ಲ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರು ಬೆವರು ಸುರಿಸಿ ತೆಗೆದ ಸಕ್ಕರೆ ಇಂಗ್ಲೆಂಡಿನ ಸಾಹುಕಾರರ ಹಲ್ಲು ತಿಂದುಹಾಕಿತು. ಆ ಸಂದಿ ತುಂಬಲು ಬಡವರ ಬಾಯಿ, ಹೆಣದ ಬಾಯಿ ಬೇಕಾಯಿತು. 1815ರ ಜೂನ್ 18ರಂದು ವಾಟರ್‌ಲೂ ಯುದ್ಧ ಮುಗಿದ ಮೇಲೆ ಬಯಲಲ್ಲಿ ಬಿದ್ದಿದ್ದ ಸೈನಿಕರ ಹಲ್ಲು ಕಿತ್ತು ಮಾರಿದರು. ಇಂಥ ಹಲ್ಲಿಗೆ ಮುಂದೆ 'ವಾಟರ್‌ಲೂ ಹಲ್ಲು' ಅಂತಲೇ ಹೆಸರು ಬಿತ್ತು.

ಈ ವ್ಯಾಪಾರ ನಿಂತದ್ದು ಯಾರ ಕರುಣೆಯಿಂದಲೂ ಅಲ್ಲ. ಬೇರೆ ಸಾಮಾನು ಸಿಕ್ಕಿದ್ದರಿಂದ. ಮೊದಲು ಪಿಂಗಾಣಿ ಹಲ್ಲು ಬಂತು. 1850ರ ದಶಕದಲ್ಲಿ ವಸಡಿನ ಅಚ್ಚಿಗೆ ಸರಿಯಾಗಿ ಕೂರುವ ಗಟ್ಟಿ ರಬ್ಬರಿನ ಪ್ಲೇಟು ಬಂತು. ಅದಕ್ಕೂ ಒಂದು ಕಂಪನಿ ಹಕ್ಕು ಕಟ್ಟಿಕೊಂಡು, ಲೈಸೆನ್ಸ್ ದುಡ್ಡು ಕೊಡದ ದಂತವೈದ್ಯರನ್ನು ಕೋರ್ಟಿಗೆ ಎಳೆಯಿತು. ಆ ಕಂಪನಿಯ ಜೋಸಾಯ ಬೇಕನ್ನನನ್ನು 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ದಂತವೈದ್ಯ ಗುಂಡಿಕ್ಕಿ ಕೊಂದ. ಇವತ್ತಿನ ಗುಲಾಬಿ ಬಣ್ಣದ ಅಕ್ರಿಲಿಕ್ ಸೆಟ್ಟು 1930ರ ದಶಕದ ಕೊನೆಯದು. ಒಂದೆರಡು ಹಲ್ಲು ಹೋದವರಿಗೆ ತಂತಿಯ ಕೊಕ್ಕೆ ಹಾಕಿದ ತುಂಡು, ಪೂರ್ತಿ ಹೋದವರಿಗೆ ಎರಡು ಸಾಲು. ಈಗ ಯಾರ ಬಾಯಿಂದಲೂ ಕೀಳಬೇಕಾಗಿಲ್ಲ.

ಆದರೂ ನಮ್ಮ ಕೇರಿಗೆ ಅದು ಇನ್ನೂ ದೂರ. 'ಮುದ್ದೆ ನುಂಗಕ್ಕೆ ಹಲ್ಲ್ಯಾಕ್ಲಾ ಮಗ, ಗಂಟ್ಲಿದ್ರೆ ಸಾಕು' ಅಂತ ನಮ್ಮಜ್ಜ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದ. ನಾನೂ ನಕ್ಕಿದ್ದೆ. ಕಟ್ಟಿಸಿಕೊಳ್ಳಲು ಕಾಸಿಲ್ಲ ಅನ್ನೋದನ್ನ ಅವನು ಹಾಗೆ ಹೇಳುತ್ತಿದ್ದ ಅಂತ ಆಗ ತಿಳಿಯಲಿಲ್ಲ.

ಮೇಷ್ಟ್ರುಗಳೇ, ಇನ್ನೊಮ್ಮೆ ಕ್ಲಾಸಿನಲ್ಲಿ ಆ ಚಿತ್ರ ತೋರಿಸುವಾಗ ಮೌಂಟ್ ವರ್ನನ್ನಿನ ಲೆಕ್ಕದ ಸಾಲನ್ನೂ ಮಕ್ಕಳಿಗೆ ಓದಿ ಹೇಳಿ. ಅದರಲ್ಲಿ ಹಲ್ಲಿನ ಬೆಲೆ ಇದೆ. ಹಲ್ಲು ಕೊಟ್ಟವರ ಹೆಸರಿಲ್ಲ.