ಕೇಳುವ ಓದು

ಪುಸ್ತಕವನ್ನು ಕಿವಿಯಿಂದ ಓದುವುದು ನಮಗೆ ಹೊಸದಲ್ಲ. ಗದುಗಿನ ನಾರಣಪ್ಪನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ ಅಕ್ಷರ ಬಾರದವರಿಗೂ ತಲುಪಿದ್ದು ಗಮಕಿಗಳ ಕಂಠದಿಂದ. ವಾಚನಕ್ಕೆ ಒಬ್ಬರು, ವ್ಯಾಖ್ಯಾನಕ್ಕೆ ಇನ್ನೊಬ್ಬರು. ಕೇಳುವವರು ಜಗಲಿ ತುಂಬ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಈ ಕಲೆ ಇಂದಿಗೂ ಉಳಿದಿದೆ. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆಮೇಲೆ ಕಾದಂಬರಿಗಳ ಕಾಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ವಾರಪತ್ರಿಕೆಗಳ ಧಾರಾವಾಹಿಗಳು ಬಂದವು. ನಮ್ಮ ಮನೆಯಲ್ಲಿ ದೊಡ್ಡಮ್ಮ ಗಟ್ಟಿಯಾಗಿ ಓದುತ್ತಿದ್ದರು, ಅಡುಗೆಮನೆಯಿಂದ ಅಜ್ಜಿ ನಾಯಕಿಯ ಪರ ವಾದಿಸುತ್ತಿದ್ದರು. ವಿಮರ್ಶೆಯ ಮೊದಲ ಪಾಠ ನನಗೆ ಅದೇ.

ಈಚೆಗೆ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಆಡಿಯೊದಲ್ಲಿ ಕೇಳಿದೆ. 1967ರ ಕೃತಿ. ಅದರ ಪಾತ್ರ ಗುತ್ತಿಯ ಮಾತಿಗೆ ಮಲೆನಾಡಿನ ಧಾಟಿ ಸಿಕ್ಕಾಗ ಪುಟದಲ್ಲಿ ಕಾಣದ ಜೀವ ಬಂತು. ಆದರೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ನಾನು ಮೌನವಾಗಿಯೇ ಓದಬೇಕು. ಆ ಬಾಲವಿಧವೆಯ ಬದುಕಿನ ಮುಂದೆ ಎಷ್ಟೋ ಸಲ ಪುಸ್ತಕ ಮಡಚಿ ಕೂರಬೇಕಾಗುತ್ತದೆ. ಗಮಕಿಯಾದರೆ ಅಲ್ಲಿ ತಾವೇ ನಿಲ್ಲುತ್ತಿದ್ದರು. ಧ್ವನಿಮುದ್ರಣ ನಮಗಾಗಿ ಕಾಯದೆ ಮುಂದಕ್ಕೆ ಹೋಗುತ್ತದೆ.