ಪತಂಗದಿಂದ ಪುಷ್ಪಕಕ್ಕೆ

1930ರ ಮೇ ತಿಂಗಳು. ಈಜಿಪ್ಟಿನ ಅಬೂಕಿರ್ ವಿಮಾನ ನಿಲ್ದಾಣದಲ್ಲಿ ಇಪ್ಪತ್ತೈದರ ಯುವಕನೊಬ್ಬ ತನ್ನ ಪುಟ್ಟ ವಿಮಾನ ಇಳಿಸಿದ. ಕರಾಚಿಯಿಂದ ಹೊರಟು ಲಂಡನ್ನಿಗೆ ಹೊರಟವನು, ಒಬ್ಬನೇ. ಅಲ್ಲಿ ಆಗಲೇ ಅಂಥದೇ ಇನ್ನೊಂದು ವಿಮಾನ ನಿಂತಿತ್ತು. ಅದರ ಒಡೆಯನಿಗೆ ಹದಿನೇಳು ವರ್ಷ. ಅವನು ಎದುರು ದಿಕ್ಕಿನಿಂದ, ಇಂಗ್ಲೆಂಡಿನಿಂದ ಭಾರತಕ್ಕೆ ಬರುತ್ತಿದ್ದ. ಸ್ಪಾರ್ಕ್ ಪ್ಲಗ್ ಕೆಟ್ಟಿತ್ತು, ಬದಲಿ ಇರಲಿಲ್ಲ.

ಇಬ್ಬರೂ ಒಂದೇ ಸ್ಪರ್ಧೆಯಲ್ಲಿದ್ದರು. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬನೇ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ 500 ಪೌಂಡುಗಳ ಬಹುಮಾನ ಇಟ್ಟಿದ್ದರು. ಯಾವ ಕಡೆಯಿಂದ ಹೊರಟರೂ ಸರಿ, ಒಂದು ತಿಂಗಳೊಳಗೆ ತಲುಪಬೇಕು. ಹಿರಿಯ ಸುಮ್ಮನೆ ತನ್ನ ದಾರಿ ಹಿಡಿದಿದ್ದರೆ ಬಹುಮಾನ ಅವನಿಗೇ ಸಿಗುತ್ತಿತ್ತೇನೋ. ಅವನು ತನ್ನಲ್ಲಿದ್ದ ಪ್ಲಗ್ ತೆಗೆದು ಕೊಟ್ಟ. ಹುಡುಗ ಅದಕ್ಕೆ ಪ್ರತಿಯಾಗಿ ತನ್ನ ಲೈಫ್ ಜಾಕೆಟ್ ಕೊಟ್ಟ. ಕೆಲವೇ ಗಂಟೆಗಳ ಅಂತರದಲ್ಲಿ ಹುಡುಗ ಗೆದ್ದ. ಸೋತವನು ಜೆ.ಆರ್.ಡಿ. ಟಾಟಾ. ಗೆದ್ದವನು ಆಸ್ಪಿ ಇಂಜಿನಿಯರ್, ಮುಂದೆ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥನಾದವನು.

ಈ ಕಥೆ ನಿಮ್ಮಲ್ಲಿ ಹಲವರು ಕೇಳಿದ್ದೇ. ಅದರ ಹಿಂದಿರುವ ವಿಮಾನದ ಕಥೆ ಅಷ್ಟು ಪರಿಚಿತವಲ್ಲ.

ಮೊದಲ ಮಹಾಯುದ್ಧ ಮುಗಿದಾಗ ವಿಮಾನವೆಂದರೆ ಸೈನ್ಯದ ಸೊತ್ತು. ಸಾಮಾನ್ಯ ಮನುಷ್ಯ ಕೊಂಡು, ಮನೆಯಲ್ಲಿಟ್ಟು, ಭಾನುವಾರ ಹಾರಿಸಬಹುದಾದ ವಿಮಾನವೊಂದನ್ನು ಮಾಡಬೇಕೆಂದು ಇಂಗ್ಲೆಂಡಿನ ಜೆಫ್ರಿ ಡಿ ಹ್ಯಾವಿಲೆಂಡ್‌ಗೆ ಅನ್ನಿಸಿತು. ಹಗುರವಾದ, ಅಗ್ಗವಾದ ಎಂಜಿನ್ ಎಲ್ಲಿಂದ ತರುವುದು? ಯುದ್ಧದಲ್ಲಿ ಮಿಕ್ಕಿದ್ದ ರೆನೋ ಎಂಜಿನುಗಳು ರಾಶಿ ಬಿದ್ದಿದ್ದವು. ಫ್ರಾಂಕ್ ಹಾಲ್ಫೋರ್ಡ್ ಎಂಬ ಎಂಜಿನಿಯರ್ ಎಂಟು ಸಿಲಿಂಡರಿನ ಆ ಎಂಜಿನ್ನಿನ ಅರ್ಧ ಭಾಗವನ್ನು ಬಳಸಿ ನಾಲ್ಕು ಸಿಲಿಂಡರಿನದೊಂದನ್ನು ರೂಪಿಸಿದರು. 1925ರ ಫೆಬ್ರವರಿ 22ರಂದು ಆ ಎರಡು ಸೀಟಿನ ವಿಮಾನ ಮೊದಲ ಬಾರಿ ಹಾರಿತು. ಡಿ ಹ್ಯಾವಿಲೆಂಡ್‌ಗೆ ಚಿಟ್ಟೆ, ಪತಂಗಗಳ ಹುಚ್ಚು. ವಿಮಾನಕ್ಕೂ ಪತಂಗದ ಹೆಸರನ್ನೇ ಇಟ್ಟರು: ಮಾತ್. ರೆಕ್ಕೆ ಹಿಂದಕ್ಕೆ ಮಡಚಿದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದಿತ್ತು.

ಇದೇ ಮಾತ್ ಭಾರತಕ್ಕೂ ಬಂತು. 1928ರ ಹೊತ್ತಿಗೆ ದೆಹಲಿ, ಮುಂಬಯಿ, ಕರಾಚಿ, ಕಲ್ಕತ್ತೆಗಳಲ್ಲಿ ಸರ್ಕಾರದ ನೆರವಿನಿಂದ ಫ್ಲೈಯಿಂಗ್ ಕ್ಲಬ್ಬುಗಳು ಶುರುವಾದವು. ಜುಹು ಆಗ ಸಮುದ್ರದ ಪಕ್ಕದ ಕೆಸರು ಬಯಲು. ಮಳೆಗಾಲದಲ್ಲಿ ನೀರು ನಿಂತು ವಿಮಾನ ಇಳಿಸಲು ಬರುತ್ತಿರಲಿಲ್ಲ. 1929ರ ಫೆಬ್ರವರಿ 10ರಂದು ಜೆ.ಆರ್.ಡಿ.ಗೆ ಮುಂಬಯಿಯಲ್ಲಿ ಸಿಕ್ಕ ಪೈಲಟ್ ಲೈಸೆನ್ಸಿನ ಸಂಖ್ಯೆ 1.

ಆಗಾ ಖಾನ್ ಸ್ಪರ್ಧೆಯ ಮೂರನೆಯವರು ಮನಮೋಹನ್ ಸಿಂಗ್. ತಮ್ಮ ವಿಮಾನಕ್ಕೆ 'ಮಿಸ್ ಇಂಡಿಯಾ' ಎಂದು ಹೆಸರಿಟ್ಟಿದ್ದರು. ಅವರು ದಾರಿ ತಪ್ಪಿ ತಪ್ಪಿ ಹಾರುವುದನ್ನು ಕಂಡು, ಇವರು ಇಂಡಿಯಾವನ್ನು ನಿಜಕ್ಕೂ ಮಿಸ್ ಮಾಡಿಕೊಳ್ಳುತ್ತಾರೆ ಎಂದು ಇಂಗ್ಲೆಂಡಿನ ಪತ್ರಕರ್ತರೊಬ್ಬರು ಗೇಲಿ ಮಾಡಿದರು. ಸಿಂಗ್ ಮಿಸ್ ಮಾಡಿಕೊಳ್ಳಲಿಲ್ಲ, ಕರಾಚಿ ಮುಟ್ಟಿದರು. ಆದರೆ ಒಂದು ತಿಂಗಳ ಗಡುವು ಮೀರಿದ್ದರಿಂದ ಬಹುಮಾನ ತಪ್ಪಿತು. 1942ರ ಮಾರ್ಚ್ 3ರಂದು ಆಸ್ಟ್ರೇಲಿಯಾದ ಬ್ರೂಮ್ ಬಂದರಿನ ಮೇಲೆ ಜಪಾನೀಯರು ನಡೆಸಿದ ದಾಳಿಯಲ್ಲಿ ಅವರು ತೀರಿಕೊಂಡರು.

ಇವೆಲ್ಲ ಸಿರಿವಂತರ ಶೋಕಿ ಎನ್ನುವುದು ಸುಲಭ. ಬಹುಪಾಲು ನಿಜವೂ ಹೌದು. ಸ್ವಂತ ವಿಮಾನ ಕೊಳ್ಳಲು ಟಾಟಾ ಮನೆತನದಲ್ಲೋ ಅರಮನೆಯಲ್ಲೋ ಹುಟ್ಟಿದ್ದರೆ ಅನುಕೂಲ. ಆದರೆ ಕ್ಲಬ್ಬು ಆ ಬಾಗಿಲನ್ನು ಸ್ವಲ್ಪ ಸರಿಸಿತು. ವಿಮಾನ ಎಲ್ಲರದ್ದು, ಹಾರಿದ ಗಂಟೆಗಷ್ಟೇ ಹಣ. ಆಸ್ಪಿ ರೈಲ್ವೆ ಇಂಜಿನಿಯರೊಬ್ಬರ ಮಗ. 1936ರಲ್ಲಿ ಲಾಹೋರ್ ಕ್ಲಬ್ಬಿನ ಜಿಪ್ಸಿ ಮಾತ್ ಅನ್ನು ಸೀರೆಯುಟ್ಟು ಒಬ್ಬರೇ ಹಾರಿಸಿದ ಸರಳಾ ಠಕ್ರಾಲ್‌ಗೆ 21 ವರ್ಷ, ಮನೆಯಲ್ಲಿ ಪುಟ್ಟ ಮಗಳು. 1939ರಲ್ಲಿ ಅವರ ಪೈಲಟ್ ಗಂಡ ವಿಮಾನ ಅಪಘಾತದಲ್ಲಿ ತೀರಿಕೊಂಡರು. ವೃತ್ತಿ ಪೈಲಟ್ ಆಗಬೇಕೆಂದು ಹೊರಟರೆ ಎರಡನೆಯ ಮಹಾಯುದ್ಧ ಬಂದು ತರಬೇತಿಯೇ ನಿಂತಿತು. ಸರಳಾ ಚಿತ್ರಕಲೆ ಕಲಿಯಲು ಹೋದರು. ಆಕಾಶ ಅಷ್ಟು ಬೇಗ ಕೈಗೆ ಸಿಕ್ಕು, ಅಷ್ಟೇ ಬೇಗ ಕೈತಪ್ಪಿತು.

ಹವ್ಯಾಸದಿಂದ ದೇಶಕ್ಕೆ ಏನು ಬಂತು? 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಪಸ್ ಮಾತ್ ಎಂಬ, ಅದೇ ಪತಂಗದ ವಂಶದ ವಿಮಾನದಲ್ಲಿ ಅಂಚೆ ಹೊತ್ತು ಕರಾಚಿಯಿಂದ ಜುಹುವಿಗೆ ಬಂದರು. ನಡುವೆ ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಿಗಳು ಎತ್ತಿನಗಾಡಿಯಲ್ಲಿ ಬಂದವು. ಜುಹುವಿನಿಂದ ಅಂಚೆಯನ್ನು ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಇಳಿದ ಊರು ನಮ್ಮ ಬಳ್ಳಾರಿ. ಮುಂದೆ ಏರ್ ಇಂಡಿಯಾ ಆದದ್ದರ ಆರಂಭ ಇದು.

ಕನ್ನಡ ನಾಡಿನ ಪಾಲು ಇಷ್ಟಕ್ಕೇ ಮುಗಿಯಲಿಲ್ಲ. ಸ್ವಾತಂತ್ರ್ಯದ ನಂತರ ಕ್ಲಬ್ಬುಗಳ ಮಾತ್‌ಗಳು ಮುಪ್ಪಾದವು. ಅವುಗಳ ಜಾಗಕ್ಕೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಒಂದು ಪುಟ್ಟ ವಿಮಾನ ತಯಾರಾಯಿತು. ಅಕ್ಕಪಕ್ಕ ಎರಡು ಸೀಟು, ತಲೆಯ ಮೇಲೆ ಬಟ್ಟೆ ಹೊದಿಸಿದ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್. 1958ರ ಸೆಪ್ಟೆಂಬರ್ 28ರಂದು ಹಾರಿದ ಅದಕ್ಕೆ ಇಟ್ಟ ಹೆಸರು ಪುಷ್ಪಕ. ಸುಮಾರು 160 ಪುಷ್ಪಕಗಳು ತಯಾರಾಗಿ ದೇಶದ ಕ್ಲಬ್ಬುಗಳಿಗೆ ಹೋದವು. ಆ ಕಾಲದಲ್ಲಿ ಹಾರಲು ಕಲಿತ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಕೇಳಿ ನೋಡಿ, ಈ ಹೆಸರು ಹೇಳಿದೊಡನೆ ಅವರ ಮುಖ ಅರಳುತ್ತದೆ.

ಇವತ್ತು ಕ್ಲಬ್ಬುಗಳಲ್ಲಿ ಹೆಚ್ಚಾಗಿ ಕಾಣುವವರು ಏರ್‌ಲೈನ್ ಕೆಲಸಕ್ಕಾಗಿ ಗಂಟೆ ಲೆಕ್ಕ ಹಾಕುವ ಮಕ್ಕಳು. ಅವರ ಹಿಂದೆ ಮನೆಯವರ ದೊಡ್ಡ ಸಾಲವೂ ಇರಬಹುದು. ಸುಮ್ಮನೆ ಹಾರುವವರು ಕಡಿಮೆ. ಪುಟ್ಟ ವಿಮಾನದ ಪೆಟ್ರೋಲು ದುಬಾರಿ, ಎಲ್ಲ ಕಡೆ ಸಿಗುವುದಿಲ್ಲ, ದೊಡ್ಡ ನಿಲ್ದಾಣಗಳ ಆಕಾಶದಲ್ಲಿ ಜಾಗವೂ ಇಲ್ಲ. ಅಪಾಯವೂ ಸುಳ್ಳಲ್ಲ: 1980ರ ಜೂನ್ 23ರಂದು ದೆಹಲಿಯ ಸಫ್ದರ್‌ಜಂಗ್ ಬಳಿ ಕಸರತ್ತಿನ ಹಾರಾಟದಲ್ಲಿ ಸಂಜಯ್ ಗಾಂಧಿಯವರೂ ಜೊತೆಗಿದ್ದ ಪೈಲಟ್ಟೂ ಸತ್ತರು. ಇಷ್ಟೆಲ್ಲ ಇರುವಾಗ ಈ ಹವ್ಯಾಸ ಸೊರಗಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೂ ಒಂದು ನಷ್ಟ ನನಗೆ ಕಾಣುತ್ತದೆ. ಲಾಭದ ಲೆಕ್ಕ ಹಾಕದೆ ಮಾಡುವ ಕೆಲಸದಲ್ಲಿ ಎದುರಾಳಿಗೂ ಪ್ಲಗ್ ಕೊಡುವಷ್ಟು ಬಿಡುವಿರುತ್ತದೆ. ಆಸ್ಪಿ ಗೆದ್ದದ್ದು ಒಳ್ಳೆಯದೇ ಆಯಿತು, ಅವರಿಗೆ ವಾಯುಪಡೆಯ ದಾರಿ ತೆರೆಯಿತು ಎಂದು ಜೆ.ಆರ್.ಡಿ. ಮುಂದೆ ಹೇಳಿಕೊಳ್ಳುತ್ತಿದ್ದರು.

1982ರ ಅಕ್ಟೋಬರ್ 15ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಅವರು ಮತ್ತೆ ಕರಾಚಿಯಿಂದ ಜುಹುವಿಗೆ ಹಾರಿ ಬಂದರು. ಈ ಸಲದ ವಿಮಾನ ಲೆಪರ್ಡ್ ಮಾತ್, ಇನ್ನೊಂದು ಹಳೆಯ ಪತಂಗ. ಐವತ್ತು ವರ್ಷಗಳ ಹಿಂದೆ ಅವರು ಹೊತ್ತು ತಂದದ್ದು ಅಂಚೆ. ಈ ಸಲ ಆ ಹಾರಾಟದ ನೆನಪು.