ನೋವಿನ ದಾರಿ ಮತ್ತು ಸೂಜಿಯ ಬಿಂದು: ಚೀನೀ ವೈದ್ಯದಲ್ಲಿ ನಾಡೀಕಲ್ಪನೆಯ ಚರಿತ್ರೆ

ಕ್ರಿಸ್ತಪೂರ್ವ 168ರಲ್ಲಿ ಮುಚ್ಚಲ್ಪಟ್ಟು 1973ರಲ್ಲಿ ಅಗೆದು ತೆಗೆಯಲ್ಪಟ್ಟ, ಚೀನಾದೇಶದ ಹುನಾನ್ ಪ್ರಾಂತದ ಚಾಂಗ್‌ಶಾ ನಗರದ ಬಳಿಯ ಮಾವಾಂಗ್‌ದುಯಿಯ ಮೂರನೆಯ ಸಮಾಧಿಯಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ದೊರೆಯದೆ ಹೋಗಿದ್ದರೆ, ಆಕ್ಯುಪಂಕ್ಚರ್ ಎಂದು ಲೋಕವಿಖ್ಯಾತವಾದ ಸೂಜಿಚಿಕಿತ್ಸೆಯ ಉಗಮವನ್ನು ಕುರಿತು ಇಂದಿಗೂ ನಾವು ಹ್ವಾಂಗ್‌ದಿ ಚಕ್ರವರ್ತಿಯ ಪುರಾಣವನ್ನೇ ಚರಿತ್ರೆಯೆಂದು ಭಾವಿಸಿಕೊಂಡು ಕುಳಿತಿರಬೇಕಾಗುತ್ತಿತ್ತು. ಆ ರೇಷ್ಮೆಯ ಬರೆಹಗಳಲ್ಲಿ ದೇಹದೊಳಗೆ ಸಂಚರಿಸುವ ಹನ್ನೊಂದು ನಾಡಿಗಳ ವರ್ಣನೆಯುಂಟು. ಆದರೆ ಸೂಜಿ ಚುಚ್ಚಬೇಕಾದ ಬಿಂದುವೊಂದರ ಹೆಸರೂ ಅಲ್ಲಿಲ್ಲ, ನಾಡೀವರ್ಣನೆಯಲ್ಲಿ ಸೂಜಿಯ ಪ್ರಸ್ತಾಪವೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಬರೆ ಹಾಕುತ್ತಿದ್ದಂತೆ, ಆಯಾ ನಾಡಿಯ ಮೇಲೆ ಸುಡಬೇಕೆಂಬುದಷ್ಟೇ ಅಲ್ಲಿಯ ವಿಧಿ.

ಉದಾಹರಣೆಗೆ, ಪಾದದ ತಾಯಾಂಗ್ ನಾಡಿಯೆಂಬುದು ಹೊರಹರಡಿನ ತಗ್ಗಿನಲ್ಲಿ ಹೊರಟು, ಮೀನಖಂಡವನ್ನೇರಿ, ಮಂಡಿಯ ಹಿಂದಿನ ಕುಳಿಯನ್ನು ಹಾದು, ನಿತಂಬವನ್ನು ದಾಟಿ, ಬೆನ್ನೆಲುಬಿನ ಮಗ್ಗುಲಲ್ಲೇ ಹೆಕ್ಕತ್ತಿಗೆ ಬಂದು ತಲೆಯನ್ನು ಸೇರುತ್ತದೆಯೆಂದು ಹೇಳಿದ ಲಿಪಿಕಾರನು, ಆ ನಾಡಿಯ ರೋಗಗಳನ್ನು ಎಣಿಸುವಾಗಲೂ ಬಹುಮಟ್ಟಿಗೆ ಅದೇ ದಾರಿಯನ್ನು ಹಿಡಿದು, ಕಿರುಬೆರಳಿನ ದೌರ್ಬಲ್ಯ, ಮೀನಖಂಡದ ನೋವು, ಮಂಡಿಯ ಸೆಳೆತ, ಸೊಂಟದ ನೋವು, ಬೆನ್ನು ನೋವು, ಕತ್ತು ನೋವು ಎಂದು ಮೇಲೇರುತ್ತ ಹೋಗುತ್ತಾನೆ. ಈ ಪಟ್ಟಿಯನ್ನು ಓದಿದ ಯಾವ ವೈದ್ಯನಿಗಾದರೂ ಸಯಾಟಿಕಾ ನೆನಪಿಗೆ ಬಾರದಿರದು. ಆದುದರಿಂದ, ಈ ಲೇಖಕನ ಅಭಿಪ್ರಾಯದಲ್ಲಿ, ನಾಡಿಯೆಂಬ ರೇಖೆ ಮೊದಲು ಹುಟ್ಟಿದ್ದು ಅದೃಶ್ಯ ಶಕ್ತಿಯ ಕಾಲುವೆಯಾಗಿ ಎಂಬುದಕ್ಕಿಂತ, ರೋಗಿ ತನ್ನ ಕೈಯಿಂದಲೇ ತೋರಿಸಿದ ನೋವಿನ ದಾರಿಯಾಗಿ ಎಂಬುದು ಹೆಚ್ಚು ಸಂಭವನೀಯ. ಬಿಂದುಗಳು ಆ ದಾರಿಯ ಮೇಲೆ ತರುವಾಯ ನೆಟ್ಟ ಗುರುತುಗಳು.

ಇಲ್ಲಿ ಭಾರತೀಯ ಓದುಗನಿಗೆ ಚರಕಸಂಹಿತೆಯ ಗೃಧ್ರಸೀ ಎಂಬ ವಾತವ್ಯಾಧಿ ಸಹಜವಾಗಿಯೇ ಸ್ಮರಣೆಗೆ ಬರುತ್ತದೆ. ನಿತಂಬದಲ್ಲಿ ಮೊದಲಾಗಿ ಸೊಂಟ, ತೊಡೆ, ಮೊಣಕಾಲು, ಜಂಘೆ, ಪಾದಗಳನ್ನು ಕ್ರಮವಾಗಿ ಹಿಡಿಯುವ ಈ ರೋಗಕ್ಕೆ ಚರಕನು ಹರಡಿನ ಸಮೀಪದ ಸಿರಾವೇಧವನ್ನೂ ಬಸ್ತಿಯನ್ನೂ ಅಗ್ನಿಕರ್ಮವನ್ನೂ ವಿಧಿಸಿದ್ದಾನೆ. ಸುಶ್ರುತನು ಮೊಣಕಾಲ ಸಂಧಿಯಿಂದ ನಾಲ್ಕು ಅಂಗುಲ ಮೇಲೆ ಅಥವಾ ಕೆಳಗೆ ಸಿರೆಯನ್ನು ಚುಚ್ಚಬೇಕೆನ್ನುತ್ತಾನೆ. ಚೀನಾದ ‘ಸುವೆನ್’ ಗ್ರಂಥದಲ್ಲಿ ಸೊಂಟನೋವಿಗೆಂದೇ ಮೀಸಲಾದ ಅಧ್ಯಾಯವೂ ತಾಯಾಂಗ್ ನಾಡಿಯ ನೋವಿಗೆ ಮಂಡಿಯ ಹಿಂದೆ ಚುಚ್ಚಿ ರಕ್ತವನ್ನು ಹೊರಡಿಸೆಂದು ಹೇಳುತ್ತದೆ. ಇಷ್ಟು ಸಾದೃಶ್ಯವನ್ನು ಕಂಡು ಒಂದು ದೇಶದ ವಿದ್ಯೆ ಇನ್ನೊಂದಕ್ಕೆ ಹೋಯಿತೆಂದು ಘೋಷಿಸುವ ಉತ್ಸಾಹಿಗಳು ಎರಡೂ ಕಡೆಗಳಲ್ಲಿದ್ದಾರೆ. ಒಂದೇ ನೋವು ಒಂದೇ ದಾರಿಯಲ್ಲಿ ಹರಿಯುವಾಗ ಅದನ್ನು ನೋಡಿದ ಇಬ್ಬರು ವೈದ್ಯರು ಪರಸ್ಪರ ಭೇಟಿಯಾಗಿರಲೇಬೇಕೆಂಬ ನಿರ್ಬಂಧವೇನೂ ಇಲ್ಲ. ನಮ್ಮ 107 ಮರ್ಮಗಳೇ ಚೀನೀ ಬಿಂದುಗಳ ಮೂಲವೆಂಬ ವಾದವಂತೂ ಇನ್ನೂ ದುರ್ಬಲವಾದದ್ದು, ಏಕೆಂದರೆ ಸುಶ್ರುತನಲ್ಲಿ ಮರ್ಮವೆಂದರೆ ಶಸ್ತ್ರವು ತಾಗದಂತೆ ಕಾಪಾಡಬೇಕಾದ ಸ್ಥಾನ.

ಹಾನ್ ಕಾಲದಲ್ಲಿ ರೂಪುಗೊಂಡ ‘ಹ್ವಾಂಗ್‌ದಿ ನೇಯ್‌ಜಿಂಗ್’ ಸಂಕಲನಕ್ಕೆ ಬರುವ ವೇಳೆಗೆ ಹನ್ನೊಂದು ನಾಡಿಗಳು ಹನ್ನೆರಡಾಗಿ, ಸುಡುವ ಕ್ರಿಯೆಗೆ ಒಂಬತ್ತು ಬಗೆಯ ಸೂಜಿಗಳು ಜೊತೆಗೂಡಿ, ವರ್ಷದ ದಿನಗಳಿಗೆ ಸರಿಹೊಂದುವಂತೆ 365 ಬಿಂದುಗಳಿವೆಯೆಂಬ ಮಾತು ಸೇರಿಕೊಂಡಿತು. ಹೆಸರಿಸಿದ ಬಿಂದುಗಳನ್ನು ಎಣಿಸಿದರೆ ಮಾತ್ರ ಸುಮಾರು 160 ಸಿಕ್ಕುತ್ತವೆ. ಕೊರತೆಯನ್ನು ತುಂಬುವ ಕಾರ್ಯವನ್ನು ಮೂರನೆಯ ಶತಮಾನದಲ್ಲಿ ಹ್ವಾಂಗ್‌ಫು ಮಿ ಕೈಗೊಂಡು, ತಾನೇ ವಾತರೋಗದಿಂದ ನರಳುತ್ತಿದ್ದ ಆ ಪಂಡಿತನು 349 ಬಿಂದುಗಳನ್ನು ಸ್ಥಾನಸಮೇತ ವಿವರಿಸಿದನು. ಏಳನೆಯ ಶತಮಾನದ ಸುನ್ ಸಿಮಿಯಾವೊ ಎಂಬ ವೈದ್ಯಶ್ರೇಷ್ಠನಾದರೋ, ನೋವಿರುವ ಕಡೆಯಲ್ಲಿ ಒತ್ತುತ್ತ ಹೋಗಿ ರೋಗಿ ಸ್ಪಂದಿಸಿದ ಜಾಗವೇ, ಗ್ರಂಥೋಕ್ತವಾಗಿರಲಿ ಬಿಡಲಿ, ಚಿಕಿತ್ಸೆಗೆ ಯೋಗ್ಯವೆಂದು ಬರೆದು, ‘ಆಶಿ’ ಬಿಂದುಗಳಿಗೆ ಶಾಸ್ತ್ರದೊಳಗೇ ಒಂದು ಬಾಗಿಲನ್ನು ತೆರೆದಿಟ್ಟನು.

ಆ ಬಾಗಿಲನ್ನು ಮುಚ್ಚಿದ್ದು ಪರೀಕ್ಷಾಪದ್ಧತಿ ಎಂದರೆ ಅತಿಶಯೋಕ್ತಿಯಾಗಲಾರದು. ಸಾಂಗ್ ರಾಜವಂಶದ ರೆನ್‌ಜಾಂಗ್ ಚಕ್ರವರ್ತಿಯ ಆಜ್ಞೆಯಂತೆ ವಾಂಗ್ ವೇಯ್‌ಯಿ ಎಂಬ ಆಸ್ಥಾನವೈದ್ಯನು 1026ರಲ್ಲಿ 354 ಬಿಂದುಗಳ ಗ್ರಂಥವನ್ನು ರಚಿಸಿ, ಮರುವರ್ಷ ಆಳೆತ್ತರದ ಎರಡು ಕಂಚಿನ ಪುರುಷವಿಗ್ರಹಗಳನ್ನು ಎರಕಹೊಯ್ಯಿಸಿದನು. ವಿಗ್ರಹದ ಮೈಮೇಲಿನ ರಂಧ್ರಗಳನ್ನು ಮೇಣದಿಂದ ಮುಚ್ಚಿ, ಒಳಗೆ ನೀರು ತುಂಬಿ, ವಿದ್ಯಾರ್ಥಿಯ ಕೈಗೆ ಸೂಜಿ ಕೊಡುತ್ತಿದ್ದರಂತೆ: ಗುರಿ ಸರಿಯಾದರೆ ನೀರು ಒಸರುವುದು, ತಪ್ಪಿದರೆ ಸೂಜಿ ಒಳಹೊಗದು. ಬೋಧನೆಗೆ ಇದಕ್ಕಿಂತ ಸೊಗಸಾದ ಉಪಾಯವಿಲ್ಲ. ಆದರೆ ಕಂಚಿನ ಮನುಷ್ಯನಿಗೆ ನೋವಿಲ್ಲವಾದ ಕಾರಣ, ಒತ್ತಿ ನೋಡಿ ಕೇಳಿ ತಿಳಿಯಬೇಕಾದ ಅಂಶವು ಪರೀಕ್ಷೆಯಿಂದ ಹೊರಗುಳಿಯಿತು.

ಅನಂತರದ ಶತಮಾನಗಳನ್ನು ಬೇಗ ದಾಟಬಹುದು. 1683ರಲ್ಲಿ ವಿಲೆಂ ಟೆನ್ ರೈನೆ ಎಂಬ ಡಚ್ ವೈದ್ಯನು ನಾಗಾಸಾಕಿಯಲ್ಲಿ ಕಂಡದ್ದನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. 1822ರಲ್ಲಿ ಚೀನಾದ ರಾಜವೈದ್ಯಶಾಲೆಯಿಂದಲೇ ಸೂಜಿಚಿಕಿತ್ಸೆಗೆ ಬಹಿಷ್ಕಾರವಾಯಿತು. ಪುನರುಜ್ಜೀವನ ಬಂದದ್ದು 1930ರ ದಶಕದಲ್ಲಿ, ಚೆಂಗ್ ದಾನ್ಆನ್ ಬಿಂದುಗಳನ್ನು ನರಗಳಿಗೂ ರಕ್ತನಾಳಗಳಿಗೂ ಹೊಂದಿಸಿ ಪಾಠ ಹೇಳತೊಡಗಿದ ಮೇಲೆ. 1938ರಲ್ಲಿ ದ್ವಾರಕಾನಾಥ ಕೋಟ್ನಿಸರೊಡನೆ ಚೀನಾಕ್ಕೆ ಹೋಗಿದ್ದ ವೈದ್ಯತಂಡದ ಬಿಜಯ್ ಕುಮಾರ್ ಬಸು ಅವರು, ಸ್ವಾತಂತ್ರ್ಯಾನಂತರ ಮತ್ತೆ ಅಲ್ಲಿಗೆ ಹೋಗಿ ಕಲಿತು 1959ರಲ್ಲಿ ಕಲ್ಕತ್ತೆಗೆ ತಂದದ್ದು ಹೀಗೆ ಹೊಸದಾಗಿ ಸಂಸ್ಕಾರಗೊಂಡ ವಿದ್ಯೆಯನ್ನು. ನಮ್ಮ ಪ್ರಚಾರಪತ್ರಿಕೆಗಳು ಅದಕ್ಕೆ ಐದು ಸಾವಿರ ವರ್ಷಗಳ ವಯಸ್ಸನ್ನು ಧಾರಾಳವಾಗಿ ದಾನಮಾಡುತ್ತಿವೆ.

ಪಶ್ಚಿಮದ ಕುತೂಹಲ ಕೆರಳಿದ್ದು 1971ರ ಜುಲೈಯಲ್ಲಿ, ಪೀಕಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆಗೆ ಒಳಗಾದ ಪತ್ರಕರ್ತ ಜೇಮ್ಸ್ ರೆಸ್ಟನ್ ಬರೆದ ವರದಿಯಿಂದ. ಅವನಿಗೆ ಶಸ್ತ್ರಕ್ರಿಯೆ ನಡೆದದ್ದು ರೂಢಿಯ ಅರಿವಳಿಕೆ ಚುಚ್ಚುಮದ್ದಿನಲ್ಲಿ. ಮೊಣಕೈಗೂ ಮೊಣಕಾಲುಗಳ ಕೆಳಗೂ ಸೂಜಿ ಹಾಕಿದ್ದು ಆಮೇಲಿನ ಹೊಟ್ಟೆಯುಬ್ಬರಕ್ಕೆ. ಐದಾರು ವರ್ಷಗಳಲ್ಲೇ, ಅಫೀಮಿನ ವರ್ಗದ ಮದ್ದುಗಳನ್ನು ತಡೆಯುವ ನಲಾಕ್ಸೋನ್ ಕೊಟ್ಟರೆ ಸೂಜಿಯಿಂದ ಉಂಟಾದ ನೋವುಶಮನವೂ ಕುಗ್ಗುತ್ತದೆಯೆಂದು ಪ್ರಯೋಗಗಳು ತೋರಿಸಿದವು. 1977ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಸಂಗಡಿಗರು, ಸ್ನಾಯುಗಳಲ್ಲಿ ಒತ್ತಿದರೆ ನೋಯುವ ಸ್ಥಾನಗಳಿಗೂ ನೋವಿಗಾಗಿ ಬಳಸುವ ಚೀನೀ ಬಿಂದುಗಳಿಗೂ ನೂರಕ್ಕೆ 71ರಷ್ಟು ಹೊಂದಾಣಿಕೆ ಉಂಟೆಂದು ಬರೆದರು. ಆ ಎಣಿಕೆಯ ವಿಧಾನವನ್ನು ಆಮೇಲಿನವರು ಆಕ್ಷೇಪಿಸಿದ್ದಾರೆ. ಆದರೂ ಸುನ್ ಸಿಮಿಯಾವೊನ ಬೆರಳು ಹುಡುಕಿದ್ದೂ ಇಂಥ ಸ್ಥಾನವನ್ನೇ ಅಲ್ಲವೆ?

ಅತಿ ಕಠಿನವಾದ ಪ್ರಶ್ನೆಯನ್ನು ಕೇಳಿದ್ದು 2007ರಲ್ಲಿ ಪ್ರಕಟವಾದ ಜರ್ಮನ್ ಪರೀಕ್ಷೆ. ದೀರ್ಘಕಾಲದ ಸೊಂಟನೋವಿನ 1162 ರೋಗಿಗಳಲ್ಲಿ ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿಯೂ, ಇನ್ನೊಂದಕ್ಕೆ ಬಿಂದುಗಳನ್ನು ಬೇಕೆಂದೇ ತಪ್ಪಿಸಿ ಮೇಲುಮೇಲೆಯೂ ಸೂಜಿ ಹಾಕಿ, ಮೂರನೆಯದಕ್ಕೆ ಮದ್ದು ಮತ್ತು ವ್ಯಾಯಾಮಗಳ ರೂಢಿಯ ಚಿಕಿತ್ಸೆಯನ್ನು ಕೊಡಲಾಗಿ, ಆರು ತಿಂಗಳ ಬಳಿಕ ಗುಣ ಕಂಡವರು ಕ್ರಮವಾಗಿ ನೂರಕ್ಕೆ 47.6, 44.2 ಮತ್ತು 27.4. ಸೂಜಿಯ ಎರಡು ಗುಂಪುಗಳ ನಡುವಣ ಅಂತರವು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಇದರಿಂದ ಸೂಜಿಯೇ ನಿರರ್ಥಕವೆಂದು ಒಂದು ಪಕ್ಷವೂ, ಎಲ್ಲಿ ಚುಚ್ಚಿದರೂ ಸಾರ್ಥಕವೆಂದು ಇನ್ನೊಂದು ಪಕ್ಷವೂ ವಾದಿಸಿದುವು. ರೋಗಿಯ ನಿರೀಕ್ಷೆ, ವೈದ್ಯನ ಸ್ಪರ್ಶ, ಚರ್ಮದಲ್ಲಿ ಎಬ್ಬಿಸಿದ ಸಂವೇದನೆ, ಇವುಗಳಲ್ಲಿ ಯಾವುದರ ಪಾಲೆಷ್ಟೆಂಬುದನ್ನು ಆ ಪರೀಕ್ಷೆ ಬೇರ್ಪಡಿಸಲಿಲ್ಲ. ಚರಿತ್ರೆಯ ಪಕ್ಷದಿಂದ ನೋಡುವವನಿಗೆ ಮಾತ್ರ ಈ ಫಲಿತಾಂಶದಲ್ಲಿ ಆಶ್ಚರ್ಯವೇನೂ ತೋರದು: ಅಲ್ಲಿ ಪರೀಕ್ಷೆಗೆ ನಿಂತದ್ದು ಸಾಂಗ್ ಆಸ್ಥಾನವು ಕಂಚಿನಲ್ಲಿ ಕೊರೆಯಿಸಿದ ಬಿಂದುಗಳ ನಿಖರತೆ, ಮತ್ತು ಆ ನಿಖರತೆಯನ್ನು ನೋವಿನ ಚಿಕಿತ್ಸೆಗಾಗಿ ಚೀನಾದ ಹಳೆಯ ವೈದ್ಯರೆಲ್ಲರೂ ಎಂದೂ ಕಡ್ಡಾಯವೆಂದು ಎಣಿಸಿದ್ದಿಲ್ಲ.